ಕಿಸೆಯ ಕ್ಯಾಮರಾ, ಕರಾವಳಿಯ ತೇವ

ಬಿಜೈಯ ಬಸ್ಸು ನಿಲ್ದಾಣದಿಂದ ರಾತ್ರಿ ಮೈಸೂರು, ಬೆಂಗಳೂರುಗಳಿಗೆ ಹೊರಡುವ ಪ್ರವಾಸಿಗಳಲ್ಲಿ ಹೆಗಲಿಗೆ ಕ್ಯಾಮರಾ ತೂಗುಹಾಕಿಕೊಂಡವರು ಈಗ ವಿರಳ. ಎಲ್ಲರ ಕೈಯಲ್ಲಿಯೂ ಮೊಬೈಲ್ ಫೋನು ಇದೆ. ಆದರೂ ಮಕ್ಕಳ ಪರೀಕ್ಷೆ ಮುಗಿದು ಪ್ರವಾಸದ ಮಾತು ಮೊದಲಾಯಿತೆಂದರೆ, ಹಗುರವಾದ ಒಂದು ಡಿಜಿಟಲ್ ಕ್ಯಾಮರಾ ಕೊಳ್ಳಬಾರದೇಕೆ ಎಂಬ ಪ್ರಶ್ನೆ ಎಷ್ಟೋ ಮನೆಗಳಲ್ಲಿ ಏಳುತ್ತದೆ. ಸಾಧಾರಣ ಸಂಸಾರಕ್ಕೆ ಇದು ಸಣ್ಣ ವೆಚ್ಚವಲ್ಲ. ಹತ್ತು ವರ್ಷಕ್ಕೊಮ್ಮೆ ಮಾಡುವ ಖರೀದಿ. ಹಾಗಾಗಿ, ಫೋನಿನಿಂದಾಗದ ಯಾವ ಕೆಲಸವನ್ನು ಈ ಕ್ಯಾಮರಾ ಮಾಡಬಲ್ಲುದು ಎಂಬುದನ್ನು ಮೊದಲು ವಿಚಾರಿಸಬೇಕು.

ಹಗಲು ಬೆಳಕಿನಲ್ಲಿ, ಕಡಲ ತೀರದಲ್ಲಿ ನಿಂತ ಮಕ್ಕಳ ಚಿತ್ರಕ್ಕೆ ಫೋನು ಧಾರಾಳವಾಗಿ ಸಾಕು. ಪರೀಕ್ಷೆ ಬರುವುದು ನೆರಳಿನಲ್ಲಿ. ಮೂಡಬಿದಿರೆಯ ಸಾವಿರ ಕಂಬದ ಬಸದಿ ಕಟ್ಟಿದ್ದು 1430ರಲ್ಲಿ. ಅದರ ಮಂಟಪದ ಒಳಗೆ ಕಂಬ ಕಂಬಗಳ ನಡುವೆ ತುಂಬಿರುವ ಮಬ್ಬು ಬೆಳಕಿನಲ್ಲಿ ಒಳ್ಳೆಯ ಚಿತ್ರ ಬರಬೇಕಾದರೆ ಬೆಳಕನ್ನು ಹಿಡಿಯುವ ಫಲಕ ದೊಡ್ಡದಿರಬೇಕು. ಫ್ಲ್ಯಾಷಿನಿಂದ ಪ್ರಯೋಜನವಿಲ್ಲ, ಕಿರು ಕ್ಯಾಮರಾದ ಫ್ಲ್ಯಾಷು ಕೆಲವೇ ಗಜ ದೂರ ಹೋಗುತ್ತದೆ, ಹೋದಷ್ಟು ದೂರವೂ ಕೆತ್ತನೆಯ ನೆರಳನ್ನು ಅಳಿಸಿ ಕಲ್ಲನ್ನು ಸುಣ್ಣ ಬಳಿದ ಗೋಡೆಯಂತೆ ತೋರಿಸುತ್ತದೆ.

ಈ ಫಲಕಕ್ಕೆ ಸೆನ್ಸರ್ ಎಂದು ಹೆಸರು. ಅಂಗಡಿಯವರು ಮೆಗಾಪಿಕ್ಸೆಲ್ ಲೆಕ್ಕವನ್ನು ಎಷ್ಟು ಉತ್ಸಾಹದಿಂದ ಹೇಳಿದರೂ ಕೊಳ್ಳುವವರು ಕೇಳಬೇಕಾದುದು ಸೆನ್ಸರಿನ ಅಳತೆ. ಅಗ್ಗದ ಕಿರು ಕ್ಯಾಮರಾಗಳಲ್ಲಿ ಅದು ಸುಮಾರು 6.2 ಮಿಲಿಮೀಟರ್ ಅಗಲ, 4.6 ಎತ್ತರ, ಕಿರುಬೆರಳಿನ ಉಗುರಿಗಿಂತಲೂ ಚಿಕ್ಕದು. 'ಒಂದಿಂಚಿನ' ಸೆನ್ಸರ್ ಎನ್ನುವುದು 13.2 ಅಗಲ, 8.8 ಎತ್ತರ. (ಇದರಲ್ಲಿ ಇಂಚು ಎಲ್ಲಿದೆಯೆಂದು ಹುಡುಕಬಾರದು, ಹಳೆಯ ಟೆಲಿವಿಷನ್ ಕ್ಯಾಮರಾಗಳ ಗಾಜಿನ ಕೊಳವೆಯ ಅಳತೆಯಿಂದ ಉಳಿದು ಬಂದ ಹೆಸರು ಅದು.) ವಿಸ್ತೀರ್ಣದಲ್ಲಿ ಮೊದಲನೆಯದಕ್ಕಿಂತ ಇದು ನಾಲ್ಕು ಪಟ್ಟು ದೊಡ್ಡದು. 2012ರಲ್ಲಿ ಬಂದ ಸೋನಿ ಆರ್‌ಎಕ್ಸ್ 100 ಕ್ಯಾಮರಾ ಇಂಥ ಸೆನ್ಸರನ್ನು ಅಂಗಿಯ ಕಿಸೆಯಲ್ಲಿ ಹಿಡಿಸುವಂತೆ ಮಾಡಿತು. ಬ್ಯಾಟರಿ ಸೇರಿ ಅದರ ತೂಕ 240 ಗ್ರಾಂ, ಕಾಲು ಕಿಲೋ ಅಕ್ಕಿಗಿಂತ ಕಡಿಮೆ. ಚಿಕ್ಕ ಸೆನ್ಸರಿನ ಸಾಧಾರಣ ಕ್ಯಾಮರಾಕ್ಕೆ ಇಂದು ಹಣ ಸುರಿಯುವುದು ವ್ಯರ್ಥವೆಂದೇ ಹೇಳಬೇಕು. ಆ ಕೆಲಸವನ್ನು ಫೋನು ಆಗಲೇ ಮಾಡುತ್ತಿದೆ.

ಇನ್ನು ಜೂಮ್. ಮೂವತ್ತು ಪಟ್ಟು ಹತ್ತಿರ ತರುವ ಮಸೂರದ ಮೋಹ ಸಹಜವಾದುದೇ. ಆದರೆ ಪ್ರವಾಸದಲ್ಲಿ ಅಗಲವಾಗಿ ನೋಡುವ ಮಸೂರವೇ ಹೆಚ್ಚು ಉಪಕಾರಿ. ಕಾರ್ಕಳದ ಗೊಮ್ಮಟನ ಎತ್ತರ 42 ಅಡಿ. ಎದುರಿಗೆ ಮನೆಯವರನ್ನು ನಿಲ್ಲಿಸಿ ಮೂರ್ತಿಯನ್ನು ಪೂರ್ಣವಾಗಿ ಸೇರಿಸಬೇಕೆಂದರೆ 24 ಮಿಲಿಮೀಟರಿನಿಂದ ಮೊದಲಾಗುವ ಮಸೂರ ಬೇಕು. ಇಲ್ಲವಾದರೆ ಮೂರ್ತಿಯ ಶಿರವೋ ಅಜ್ಜಿಯ ಪಾದವೋ ಹೊರಗುಳಿಯುತ್ತದೆ.

ಇಷ್ಟೆಲ್ಲ ಯಾವ ಊರಿನವರಿಗೂ ಹೇಳಬಹುದಾದ ಮಾತು. ಬಿಜೈಯವರಿಗೆ ಬೇರೊಂದು ಚಿಂತೆಯಿದೆ: ತೇವ. ಆಟಿ ತಿಂಗಳಲ್ಲಿ ಕಪಾಟಿನ ಚರ್ಮದ ಚಪ್ಪಲಿಗೆ ಬೂಷ್ಟು ಹಿಡಿಯುವುದನ್ನು ಕಾಣದ ಮನೆ ಮಂಗಳೂರಿನಲ್ಲಿಲ್ಲ. ಅದೇ ಬೂಷ್ಟು ಮಸೂರದ ಮೇಲೆಯೂ ಜೇಡನ ಬಲೆಯಂತೆ ಹರಡುತ್ತದೆ. ಬಿಟ್ಟರೆ ಗಾಜಿನ ಲೇಪವನ್ನೇ ಕೊರೆಯುತ್ತದೆ. ದೊಡ್ಡ ಕ್ಯಾಮರಾದ ಮಸೂರವನ್ನು ಕಳಚಿ ಪರೀಕ್ಷಿಸಬಹುದು. ಕಿರು ಕ್ಯಾಮರಾದಲ್ಲಿ ಅದು ಒಡಲಿಗೇ ಬೆಸೆದುಕೊಂಡಿರುವುದರಿಂದ ಬಿಚ್ಚಿಸಿ ಶುದ್ಧ ಮಾಡಿಸುವ ಖರ್ಚು ಎಷ್ಟೋ ಸಲ ಅದರ ಬೆಲೆಗೇ ಸಮವಾಗುತ್ತದೆ. ಮೇಲಾಗಿ ಆಮೆಯ ಕತ್ತಿನಂತೆ ಹೊರಬಂದು ಒಳಸರಿಯುವ ಮಸೂರ ಪ್ರತಿ ಬಾರಿಯೂ ಹೊರಗಿನ ಗಾಳಿಯನ್ನು ಒಳಗೆಳೆಯುತ್ತದೆ. ಪಣಂಬೂರಿನ ತೀರದಲ್ಲಾದರೆ ಮರಳಿನ ಕಣವನ್ನೂ. ಮಳೆಯಲ್ಲಿಯೂ ಕಡಲಿನಲ್ಲಿಯೂ ಆಡುವ ಮಕ್ಕಳೇ ಚಿತ್ರದ ವಸ್ತುವಾದ ಮನೆಗೆ, ಮಸೂರ ಹೊರಚಾಚದ, 15 ಮೀಟರ್ ಆಳದ ನೀರನ್ನೂ ತಡೆಯುವ ಒಲಿಂಪಸ್ ಟಿಜಿ-6ರಂಥ (2019) ಕ್ಯಾಮರಾ ಒಗ್ಗುತ್ತದೆ. ಅದರ ಸೆನ್ಸರ್ ಚಿಕ್ಕದು. ಬಸದಿಯ ಒಳಗೆ ಅದು ಸೋಲುತ್ತದೆ. ಚಿಕ್ಕ ಸೆನ್ಸರಿಗೆ ಹಣ ಕೊಡಬಹುದಾದ ಸಂದರ್ಭ ಇದೊಂದೇ.

ಹವಾನಿಯಂತ್ರಿತ ಬಸ್ಸಿನಿಂದ ಬೆಳಗಿನ ಜಾವ ಬಿಜೈಯಲ್ಲಿ ಇಳಿದೊಡನೆ ಕ್ಯಾಮರಾವನ್ನು ಹೊರತೆಗೆಯುವುದು ಸರಿಯಲ್ಲ. ತಂಪಾದ ಗಾಜಿನ ಮೇಲೆ ಕರಾವಳಿಯ ಬೆಚ್ಚನೆಯ ಗಾಳಿ ತಾಗಿದೊಡನೆ ಮಂಜು ಕೂರುತ್ತದೆ. ಅರ್ಧ ಗಂಟೆ ಚೀಲದೊಳಗೇ ಇದ್ದು ಊರಿನ ಶಾಖಕ್ಕೆ ಹೊಂದಿಕೊಳ್ಳಲಿ. ಮನೆಯಲ್ಲಿ ಚರ್ಮದ ಚೀಲ ಬೇಡ, ಅದು ತೇವವನ್ನು ಹಿಡಿದಿಡುತ್ತದೆ. ಬಿಗಿಯಾದ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಅದರಲ್ಲಿ ಸಿಲಿಕಾ ಜೆಲ್ ಪೊಟ್ಟಣ. ನೀಲಿ ಕಾಳು ಗುಲಾಬಿಯಾದರೆ ಬದಲಿಸಬೇಕು. ಅಕ್ಕಿಯ ಡಬ್ಬಿಯಲ್ಲಿ ಹುದುಗಿಸುವ ಉಪಾಯವನ್ನು ಕೆಲವರು ಹೇಳುವುದುಂಟು. ಅಕ್ಕಿಯ ಹುಡಿ ಮಸೂರದ ಸಂದಿಗೆ ಸೇರಿದರೆ ಎರಡನೆಯ ಕಷ್ಟ. ಕ್ಯಾಮರಾವನ್ನು ವಾರಕ್ಕೊಮ್ಮೆ ಹೊರತೆಗೆದು ಮನೆಯವರ ಒಂದೆರಡು ಚಿತ್ರ ತೆಗೆಯುವುದು ಎಲ್ಲಕ್ಕಿಂತ ಒಳ್ಳೆಯ ಔಷಧ.

ಹಳೆಯ ಕಿರು ಕ್ಯಾಮರಾಗಳ ಮೇಲೆ ಈಚೆಗೆ ತರುಣರಿಗೆ ಅಕ್ಕರೆ ಹುಟ್ಟಿದೆ; ಬಳಸಿದ ಸರಕನ್ನು ಕೊಳ್ಳುವವರೂ ಹೆಚ್ಚಿದ್ದಾರೆ. ತಪ್ಪೇನಿಲ್ಲ. ಆದರೆ ಹಣ ಎಣಿಸುವ ಮೊದಲು ಕ್ಯಾಮರಾವನ್ನು ಚಾಲೂ ಮಾಡಿಸಿ, ಹೊರಬಂದ ಮಸೂರಕ್ಕೆ ಓರೆಯಾಗಿ ಟಾರ್ಚು ಹಾಯಿಸಿ ನೋಡಬೇಕು. ಬಿಳಿಯ ಎಳೆಗಳು ಕಂಡರೆ, ಬೆಲೆ ಎಷ್ಟೇ ಇಳಿದರೂ ಅದನ್ನು ಅಂಗಡಿಯಲ್ಲಿಯೇ ಬಿಟ್ಟು ಬರುವುದು ಲೇಸು.