ಹೊಸ ಹಾಡು ಕೇಳಿದವರಿಗೆ ಹಳೆಯ ಹಾಡು

ಅಭಿಮಾನಿಯನ್ನು ತೃಪ್ತಿಪಡಿಸುವುದು ಬ್ರಹ್ಮನಿಗೂ ಸಾಧ್ಯವಿಲ್ಲ. ಕಲಾವಿದ ಹೊಸದನ್ನು ತಂದರೆ ಹಳೆಯದೆಲ್ಲಿ ಹೋಯಿತೆಂದು ಹಲುಬುತ್ತಾನೆ. ಹಳೆಯದಕ್ಕೆ ಮರಳಿದರೆ ಸರಕು ಮುಗಿಯಿತೆಂದು ಸಾರುತ್ತಾನೆ. ಅಮೆರಿಕದ ಗಾಯಕ ಹಾಗೂ ಗೀತಕಾರ ಬಾಬ್ ಡಿಲನ್ ಈ ಎರಡು ಬಗೆಯ ಮುನಿಸನ್ನೂ ಒಂದೇ ಆಯುಷ್ಯದಲ್ಲಿ ಉಂಡವನು.

ಮೊದಲನೆಯದರ ಕಥೆ ಬಹುಮಂದಿಗೆ ತಿಳಿದಿದೆ. 1965ರ ಜುಲೈ 25ರಂದು ನ್ಯೂಪೋರ್ಟ್ ಜಾನಪದ ಸಂಗೀತೋತ್ಸವದಲ್ಲಿ ಆತ ಮರದ ಗಿಟಾರನ್ನು ಬಿಟ್ಟು ವಿದ್ಯುತ್ ಗಿಟಾರ್ ಹಿಡಿದು ವೇದಿಕೆ ಏರಿದಾಗ ಸಭಿಕರಲ್ಲಿ ಅನೇಕರು ಕೂಗಾಡಿದರು. ಮರುವರ್ಷದ ಮೇ ತಿಂಗಳಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಶ್ರೋತೃವೊಬ್ಬ ಆತನನ್ನು 'ಜೂಡಾಸ್' ಎಂದೇ ಕರೆದ. ಕ್ರಿಸ್ತನನ್ನು ಹಿಡಿದುಕೊಟ್ಟ ಶಿಷ್ಯನ ಹೆಸರು ಅದು. ಹಾಡುವವನೊಬ್ಬನ ಮೇಲೆ ಇದಕ್ಕಿಂತ ದೊಡ್ಡ ಆರೋಪ ಹೊರಿಸುವುದು ಕಷ್ಟ!

ಎರಡನೆಯ ಮುನಿಸು ಅಷ್ಟು ಪ್ರಸಿದ್ಧವಲ್ಲ. ಆದರೆ ಹೆಚ್ಚು ಸ್ವಾರಸ್ಯದ್ದು. 1992ರ ಅಕ್ಟೋಬರ್ 16ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಡಿಲನ್ನನ ಗಾಯನ ಜೀವನಕ್ಕೆ 30 ವರ್ಷ ತುಂಬಿದ ಉತ್ಸವ ಜರುಗಿತು. ಜಾರ್ಜ್ ಹ್ಯಾರಿಸನ್, ಎರಿಕ್ ಕ್ಲ್ಯಾಪ್ಟನ್, ಜಾನಿ ಕ್ಯಾಶ್ ಮೊದಲಾದ ಘಟಾನುಘಟಿಗಳು ಬಂದು ಆತನ ರಚನೆಗಳನ್ನು ಹಾಡಿದರು. ಇಂಥ ಗೀತೆಗಳು ಇನ್ನಷ್ಟು ಬರಲಿ ಎಂದು ಅಭಿಮಾನಿಗಳು ಹಾರೈಸಿದ್ದರೆ ಆಶ್ಚರ್ಯವೇನು? ಆ ಸಡಗರದ ಮೂರು ವಾರಗಳೊಳಗೆ ಹೊಸ ಧ್ವನಿಮುದ್ರಿಕೆಯೊಂದು ಹೊರಬಂದಿತು. ಹೆಸರು 'ಗುಡ್ ಆಸ್ ಐ ಬೀನ್ ಟು ಯು'. ಅದರಲ್ಲಿದ್ದವು 13 ಹಾಡುಗಳು. ಡಿಲನ್ ಬರೆದದ್ದು ಒಂದೂ ಇರಲಿಲ್ಲ.

ಕ್ಯಾಲಿಫೋರ್ನಿಯದ ಮಲಿಬುವಿನಲ್ಲಿ ತನ್ನ ಮನೆಯ ಗ್ಯಾರೇಜನ್ನೇ ಸ್ಟುಡಿಯೋ ಮಾಡಿಕೊಂಡು ಆತ ಒಬ್ಬನೇ ಕುಳಿತು ಇವನ್ನು ಹಾಡಿದ್ದ. ಮರದ ಗಿಟಾರು, ಜೊತೆಗೆ ಮೌತ್ ಆರ್ಗನ್, ಬೇರೆ ವಾದ್ಯವಿಲ್ಲ. 1964ರಿಂದೀಚೆಗೆ ಇಂಥ ಏಕಾಂಗಿ ಮುದ್ರಿಕೆ ಆತನಿಂದ ಬಂದಿರಲಿಲ್ಲ. ಮದುವೆಗೆ ಹೊರಟ ಕಪ್ಪೆಯ ಮಕ್ಕಳ ಹಾಡು, ಸೈನ್ಯಕ್ಕೆ ಸೇರಿಸಲು ಬಂದ ಸಾರ್ಜೆಂಟನಿಗೆ ಬಡಿದು ಕಳುಹಿಸಿದ ಐರಿಷ್ ಯುವಕರ ಹಾಡು, ವಂಚಿಸಿದ ಪ್ರಿಯಕರನನ್ನು ಗುಂಡಿಟ್ಟು ಕೊಂದ ಹೆಣ್ಣಿನ ಹಾಡು ಎಲ್ಲವೂ ಅಲ್ಲಿದ್ದವು. ಕಷ್ಟದ ದಿನಗಳನ್ನು ಕುರಿತು ಸ್ಟೀಫನ್ ಫಾಸ್ಟರ್ 1854ರಲ್ಲಿ ರಚಿಸಿದ ಗೀತೆಯೂ ಇತ್ತು. ಆ ಫಾಸ್ಟರ್ ಹತ್ತೇ ವರ್ಷಗಳ ತರುವಾಯ ಬಡತನದಲ್ಲಿ ಕಣ್ಮುಚ್ಚಿದ.

ನ್ಯೂಪೋರ್ಟಿನ ಗಾಯ ಮಾಸದ ಹಳಬರಿಗೆ ಇದು ತಪ್ಪಿಹೋದ ಮಗ ಮನೆಗೆ ಮರಳಿದಂತೆ ತೋರಿತು. ಆದರೆ ಬಂದವನು ಅವರು ಕಾಯುತ್ತಿದ್ದವನಾಗಿರಲಿಲ್ಲ. ಅವರ ನೆನಪಿನಲ್ಲಿದ್ದವನು 1963ರ ಪ್ರತಿಭಟನೆಯ ಕವಿ. ಇಲ್ಲಿ ಹಾಡುತ್ತಿದ್ದವನು ಕಪ್ಪೆ, ನಾವಿಕ, ಕೊಲೆಗಾರರ ಕಥೆ ಹೇಳುವ 51ರ ಪ್ರೌಢ. ಇನ್ನು ಕೆಲವರು ಗೀತಕಾರನ ಬತ್ತಳಿಕೆ ಬರಿದಾಯಿತೆಂದು ಮರುಗಿದರು. 1990ರಲ್ಲಿ ಬಂದ ಸ್ವಂತ ಗೀತೆಗಳ ಮುದ್ರಿಕೆ ಅವರನ್ನು ಆಗಲೇ ನಿರಾಶೆಗೊಳಿಸಿತ್ತು. ಈ ಅಸಮಾಧಾನವನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಮುಂದೆ 1997ರವರೆಗೆ ಆತನಿಂದ ಹೊಸ ರಚನೆಗಳ ಮುದ್ರಿಕೆ ಬರಲೇ ಇಲ್ಲ. ಕಂಠ ಒರಟಾಗಿದೆ ಎಂಬ ದೂರೂ ಇತ್ತು. ಅದು ನಿಜವೇ. ಆದರೆ ಮುನ್ನೂರು ವರ್ಷದ ಕಥೆ ಹೇಳುವವನಿಗೆ ನಯವಾದ ಕಂಠವೇಕೆ? ಅಮೆರಿಕದ ಮಾರಾಟದ ಪಟ್ಟಿಯಲ್ಲಿ ಮುದ್ರಿಕೆ ಏರಿದ್ದು 51ನೆಯ ಸ್ಥಾನಕ್ಕೆ. ಹಾಡಿದವನ ವಯಸ್ಸಿಗೆ ಸರಿಯಾಗಿ.

ದೂರಿದವರು ಒಂದು ಸಂಗತಿಯನ್ನು ಮರೆತಿದ್ದರು. 1962ರಲ್ಲಿ ಬಂದ ಡಿಲನ್ನನ ಚೊಚ್ಚಲ ಮುದ್ರಿಕೆಯಲ್ಲಿ ಇದ್ದುದೂ 13 ಹಾಡುಗಳೇ. ಅವುಗಳಲ್ಲಿ ಸ್ವಂತದ್ದು ಎರಡೇ ಎರಡು. ಪ್ರತಿಭಟನೆಯ ಕವಿಗಿಂತ ಮೊದಲು ಇದ್ದವನು ಪರರ ಹಾಡುಗಳನ್ನು ಬಾಯಿಪಾಠ ಮಾಡಿದ ಹುಡುಗ. ಆತ ಮರಳಿದ್ದು ಆ ಹುಡುಗನ ಬಳಿಗೆ.

ನಿಜವಾದ ಕಲೆ ಬೇರೊಂದು ಕಡೆ ಇತ್ತು. ಬಹುಪಾಲು ಹಾಡುಗಳಿಗೆ 'ಸಾಂಪ್ರದಾಯಿಕ. ಹೊಂದಿಸಿದವನು ಡಿಲನ್' ಎಂಬ ಒಕ್ಕಣೆ. ಜನಪದ ಗೀತೆ ಯಾರೊಬ್ಬರ ಸ್ವತ್ತೂ ಅಲ್ಲ, ಸರಿ. ಆದರೆ ಅದಕ್ಕೆ ಗಿಟಾರಿನ ನಡೆ ಕಟ್ಟಿ, ಚರಣಗಳನ್ನು ಜೋಡಿಸಿ ಕೊಟ್ಟವನ ದುಡಿಮೆ ಸ್ವತ್ತೇ. 'ಕೆನಡಿ-ಐ-ಓ' ಎಂಬ ನಾವಿಕರ ಹಾಡನ್ನು ಕೇಳಿದ ಕೂಡಲೇ ಬಲ್ಲವರು ಹುಬ್ಬೇರಿಸಿದರು. ಇಂಗ್ಲೆಂಡಿನ ನಿಕ್ ಜೋನ್ಸ್ 1980ರ ತನ್ನ 'ಪೆಂಗ್ವಿನ್ ಎಗ್ಸ್' ಮುದ್ರಿಕೆಯಲ್ಲಿ ಅದನ್ನು ಹಾಡಿದ್ದ ಬಗೆಗೂ ಇದಕ್ಕೂ ಹೋಲಿಕೆ ಸ್ಪಷ್ಟವಾಗಿತ್ತು. ಆ ಜೋನ್ಸ್ 1982ರಲ್ಲಿ ಕಾರು ಅಪಘಾತದಲ್ಲಿ ತೀವ್ರವಾಗಿ ಗಾಯಗೊಂಡು ವೇದಿಕೆಯಿಂದಲೇ ದೂರವಾಗಿದ್ದವನು. ಅವನ ಹೆಸರು ಒಂದು ಸಾಲು ಅಚ್ಚಾಗಿದ್ದರೆ ಡಿಲನ್ನನ ಗಂಟೇನೂ ಹೋಗುತ್ತಿರಲಿಲ್ಲ.

ಮರುವರ್ಷ, 1993ರಲ್ಲಿ, 'ವರ್ಲ್ಡ್ ಗಾನ್ ರಾಂಗ್' ಬಂದಿತು. ಮತ್ತೆ ಒಬ್ಬನೇ ಹಾಡುಗಾರ, ಮತ್ತೆ ಹಳೆಯ ಹಾಡುಗಳು. ಈ ಬಾರಿ ಮಾತ್ರ ಡಿಲನ್ ತಾನೇ ಟಿಪ್ಪಣಿ ಬರೆದು, ಕುರುಡ ಗಾಯಕ ವಿಲ್ಲಿ ಮೆಕ್‌ಟೆಲ್, ಮಿಸಿಸಿಪ್ಪಿ ಶೀಕ್ಸ್, ಡಾಕ್ ವ್ಯಾಟ್ಸನ್ ಇವರನ್ನೆಲ್ಲ ಹೆಸರೆತ್ತಿ ನೆನೆದ. ಹಿಂದಿನ ವರ್ಷದ ಗೊಣಗಾಟ ಕಿವಿಗೆ ಬಿದ್ದಿತ್ತೋ ಏನೋ! ಆ ಮುದ್ರಿಕೆಗೆ ಸಾಂಪ್ರದಾಯಿಕ ಜಾನಪದ ವಿಭಾಗದ ಗ್ರಾಮಿ ಪ್ರಶಸ್ತಿಯೂ ದೊರೆಯಿತು.

ಬತ್ತಿತೆಂದಿದ್ದ ಒರತೆ 1997ರಲ್ಲಿ 'ಟೈಮ್ ಔಟ್ ಆಫ್ ಮೈಂಡ್' ಆಗಿ ಉಕ್ಕಿತು; ವರ್ಷದ ಶ್ರೇಷ್ಠ ಮುದ್ರಿಕೆ ಎಂಬ ಗ್ರಾಮಿ ಮನ್ನಣೆ ಅದಕ್ಕೆ ಸಂದಿತು. ತನ್ನ ಗೀತೆಗಳು ಆಕಾಶದಿಂದ ಉದುರಿದವಲ್ಲ, ಜನಪದ ಗೀತೆಗಳನ್ನು ಮತ್ತೆ ಮತ್ತೆ ಹಾಡಿದ್ದರಿಂದಲೇ ಹುಟ್ಟಿದವು ಎಂಬ ಅರ್ಥದ ಮಾತನ್ನು ಆತ 2015ರ ಫೆಬ್ರವರಿಯಲ್ಲಿ ಲಾಸ್ ಏಂಜಲೀಸಿನ ಸನ್ಮಾನ ಸಭೆಯಲ್ಲಿ ಆಡಿದ. 1997ರ ಆ ಮುದ್ರಿಕೆಯ ಕೊನೆಯ ಹಾಡು 'ಹೈಲ್ಯಾಂಡ್ಸ್' 16 ನಿಮಿಷಕ್ಕೂ ಮಿಕ್ಕಿದ್ದು. ಸ್ಕಾಟ್ಲೆಂಡಿನ ಕವಿ ರಾಬರ್ಟ್ ಬರ್ನ್ಸ್ ಹದಿನೆಂಟನೆಯ ಶತಮಾನದಲ್ಲಿ ಬರೆದ ಗೀತೆಯೊಂದರ ನೆರಳು ಅದರ ಮೇಲಿದೆ. ಬರ್ನ್ಸ್ ತನ್ನ ಗೀತೆಯ ಮೊದಲ ಅರ್ಧ ಚರಣ ಹಳೆಯದೆಂದೂ ಉಳಿದದ್ದು ಮಾತ್ರ ತನ್ನದೆಂದೂ ಬರೆದಿಟ್ಟಿದ್ದ.