ಪಾಸ್ ಕೊಡು ಎಂದು ಕೂಗಿದರೆ ಸಾಲದು



ಆಟದ ಅವಧಿಯಲ್ಲಿ ಬಯಲಿಗೆ ಒಂದು ಫುಟ್‌ಬಾಲ್ ಎಸೆದರೆ ಏನಾಗುತ್ತದೆಂದು ನೀವು ನೋಡಿದ್ದೀರಿ. ಮಕ್ಕಳೆಲ್ಲ ಜೇನುಹುಳುಗಳಂತೆ ಚೆಂಡಿಗೆ ಮುತ್ತಿಕೊಳ್ಳುತ್ತಾರೆ. ನಾಲ್ಕೈದು ಗಟ್ಟಿ ಹುಡುಗರಿಗೆ ಮಾತ್ರ ಅದು ಸಿಗುತ್ತದೆ. ಉಳಿದವರು ಅವಧಿಯಿಡೀ ಓಡಿ, ಒಮ್ಮೆಯೂ ಚೆಂಡು ಮುಟ್ಟದೆ ತರಗತಿಗೆ ಮರಳುತ್ತಾರೆ.

ಹೊಂಬಳದಲ್ಲಿ ಮಕ್ಕಳನ್ನು ಆಡಿಸುವಾಗ ನಾನೂ ಅಂಚಿನಲ್ಲಿ ನಿಂತು ‘ಪಾಸ್ ಕೊಡು, ಪಾಸ್ ಕೊಡು’ ಎಂದು ಕೂಗಿದವನೇ. ಐದನೆಯ ತರಗತಿಯ ಹುಡುಗಿಯೊಬ್ಬಳು ಚೆಂಡನ್ನು ಕಾಲಡಿ ಹಿಡಿದು ಕೇಳಿದಳು: “ಯಾರಿಗೆ ಕೊಡ್ಲಿರೀ ಸರ? ಎಲ್ಲಾರೂ ಇಲ್ಲೇ ಬಂದು ನಿಂತಾರಲ್ರೀ!”

ಅವಳ ಕಾಲಿನಲ್ಲಿ ದೋಷವಿರಲಿಲ್ಲ. ಕೊಡಲು ಜಾಗವೇ ಇರಲಿಲ್ಲ. ನಾವು ಒದೆಯುವ ಕಾಲನ್ನಷ್ಟೇ ತಿದ್ದುತ್ತೇವೆ. ಚೆಂಡು ಪಡೆಯುವವರು ಎಲ್ಲಿ ನಿಲ್ಲಬೇಕೆಂದು ಕಲಿಸುವುದಿಲ್ಲ. ಮೊದಲು ಕಲಿಸಬೇಕಾದದ್ದು ಅದನ್ನೇ ಎಂಬುದು ನನ್ನ ಅಭಿಪ್ರಾಯ.

ಇದಕ್ಕೆ ಶಿಕ್ಷಕರಲ್ಲೇ ಒಂದು ಮಾದರಿ ಇದೆ. ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್ ಶಾಲಾ ಶಿಕ್ಷಕರಾಗಿದ್ದವರು. ಅವರ ತರಬೇತಿಯಲ್ಲಿ ಭಾರತ 1951 ಮತ್ತು 1962 ರ ಏಷ್ಯನ್ ಕ್ರೀಡಾಕೂಟಗಳಲ್ಲಿ ಚಿನ್ನ ಗೆದ್ದಿತು. 1956 ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನ ಪಡೆಯಿತು. ಚೆಂಡನ್ನು ಒಬ್ಬರೇ ಕಾಲಲ್ಲಿಟ್ಟುಕೊಂಡು ಒಯ್ಯಬಾರದು ಎಂಬ ನಿಯಮದ ಪಂದ್ಯಾವಳಿಗಳನ್ನೂ ಅವರು ನಡೆಸಿದ್ದರು. ಅಲ್ಲಿ ಪಾಸ್ ಕಲಿಸಿದ್ದು ಉಪದೇಶವಲ್ಲ, ಆಟದ ನಿಯಮ.

ನೀವೂ ಹೀಗೆ ಮಾಡಿ. ನೆಲದ ಮೇಲೆ ಎಂಟು ಹೆಜ್ಜೆ ಉದ್ದಗಲದ ಚೌಕ ಗೀರಿ. ನಾಲ್ಕು ಗೆರೆಗಳ ಮೇಲೆ ನಾಲ್ವರು, ನಡುವೆ ಒಬ್ಬರು. ಹೊರಗಿನವರು ತಮ್ಮ ಗೆರೆಯ ಮೇಲೆ ಅತ್ತಿತ್ತ ಸರಿಯಬಹುದು. ನಡುವಿನವರು ಚೆಂಡು ಹಿಡಿದರೆ, ತಪ್ಪು ಪಾಸ್ ಕೊಟ್ಟವರು ಒಳಗೆ ಬರಬೇಕು. ಸತತ ಎಷ್ಟು ಪಾಸ್‌ಗಳಾದವು ಎಂದು ಎಣಿಸಿ, ಕಪ್ಪು ಹಲಗೆಯ ಮೇಲೆ ಪ್ರತಿದಿನ ಸ್ತಂಭಾಲೇಖ ಬರೆಯಿಸಿ. ಚೆಂಡು ಬರುವ ಮೊದಲೇ ಸರಿದು ನಿಂತವರಿಗೆ ಪಾಸ್ ಸಿಗುತ್ತದೆಂದು ಮಕ್ಕಳೇ ಕಂಡುಕೊಳ್ಳುತ್ತಾರೆ.

ಇಲ್ಲಿ ವಿಜ್ಞಾನದ ಪಾಠವೂ ಇದೆ. ಹೆಬ್ಬೆರಳ ತುದಿಯಿಂದ ಒದ್ದರೆ ಚೆಂಡು ಗುರಿ ತಪ್ಪುತ್ತದೆ. ಪಾದದ ಒಳಬದಿ ಅಗಲವಾದ್ದರಿಂದ ದಿಕ್ಕು ಹಿಡಿತದಲ್ಲಿರುತ್ತದೆ. ಊರಿದ ಕಾಲು ಚೆಂಡಿನ ಪಕ್ಕದಲ್ಲಿದ್ದು, ಅದರ ಬೆರಳುಗಳು ಗುರಿಯ ಕಡೆಗಿರಲಿ. ಬರುವ ಚೆಂಡಿಗೆ ಪಾದವನ್ನು ಬಿಗಿಯಾಗಿ ಒಡ್ಡಿದರೆ ಅದು ಪುಟಿದು ಹೋಗುತ್ತದೆ. ತಾಕುವಾಗ ಪಾದವನ್ನು ತುಸು ಹಿಂದೆಳೆದುಕೊಂಡರೆ ಚೆಂಡು ನಿಲ್ಲಲು ಹೆಚ್ಚು ಸಮಯ ಸಿಕ್ಕಿ, ಬಲ ಕಡಿಮೆಯಾಗುತ್ತದೆ. ಕ್ರಿಕೆಟ್‌ನಲ್ಲಿ ಕ್ಯಾಚ್ ಹಿಡಿಯುವಾಗ ಕೈ ಹಿಂದೆಳೆದುಕೊಳ್ಳುವುದೂ ಇದಕ್ಕೇ.

ನಮ್ಮ ಎರೆನೆಲವೂ ಒಂದು ಪ್ರಯೋಗಶಾಲೆ. ಮಳೆಯಾದ ಮೇಲೆ ಅದು ಚೆಂಡನ್ನು ಬೇಗ ನಿಲ್ಲಿಸುತ್ತದೆ; ಬೇಸಿಗೆಯ ಬಿರುಕುಗಳು ದಿಕ್ಕು ತಪ್ಪಿಸುತ್ತವೆ. ಅದೇ ಬಲಕ್ಕೆ ಚೆಂಡು ಎರೆನೆಲದಲ್ಲಿ ಎಷ್ಟು ಹೆಜ್ಜೆ, ಶಾಲೆಯ ಗಟ್ಟಿ ಅಂಗಳದಲ್ಲಿ ಎಷ್ಟು ಹೆಜ್ಜೆ ಉರುಳುತ್ತದೆಂದು ಅಳೆಯಿಸಿ. ಘರ್ಷಣೆ ಏನೆಂದು ಆಗ ತಾನಾಗಿ ತಿಳಿಯುತ್ತದೆ. 8 ರಿಂದ 12 ವರ್ಷದವರಿಗೆ 4 ನೆಯ ಅಳತೆಯ ಚೆಂಡು ತರಿಸಿ. ಅದರ ತೂಕ 350 ರಿಂದ 390 ಗ್ರಾಂ. ದೊಡ್ಡವರ ಚೆಂಡು 410 ರಿಂದ 450 ಗ್ರಾಂ ಇರುತ್ತದೆ.

‘ಚೆಂಡು ಒಯ್ಯುವ ಚಳಕ ಬೇಡವೇ?’ ಎಂದು ನೀವು ಕೇಳಬಹುದು. ಖಂಡಿತ ಬೇಕು. ಆದರೆ ಅದನ್ನು ಕಲಿಯಲೂ ಮಗುವಿಗೆ ಚೆಂಡು ಸಿಗಬೇಕಲ್ಲವೇ? ಒಂದೇ ಚೆಂಡಿರುವ ಶಾಲೆಯಲ್ಲಿ ಅದು ಎಲ್ಲರಿಗೂ ತಲುಪುವ ದಾರಿ ಪಾಸ್ ಒಂದೇ.

ಆದ್ದರಿಂದ ಅವಧಿ ಮುಗಿದಾಗ ಎಷ್ಟು ಗೋಲು ಎಂದು ಕೇಳಬೇಡಿ. ಇಂದು ಚೆಂಡು ಮುಟ್ಟದವರು ಕೈ ಎತ್ತಿರಿ ಎನ್ನಿ. ಎತ್ತಿದ ಕೈಗಳನ್ನು ಎಣಿಸಿ ಬರೆದಿಡಿ. ವಾರದಿಂದ ವಾರಕ್ಕೆ ಆ ಸಂಖ್ಯೆ ಇಳಿಯುತ್ತಿದ್ದರೆ, ನಿಮ್ಮ ತರಬೇತಿ ಸರಿಯಾದ ದಾರಿಯಲ್ಲಿದೆ.