ಮರಳಿ ಬರಬಲ್ಲವರು ಕಂಡ ಸೋವಿಯತ್

ಜಯನಗರ, ಬನಶಂಕರಿಯ ಹಳೆಯ ಮನೆಗಳ ಕಪಾಟಿನಲ್ಲಿ ಇಂದಿಗೂ ಒಂದೆರಡು ಸೋವಿಯತ್ ಪುಸ್ತಕ ಸಿಕ್ಕಾವು. ಮಾಸ್ಕೋದ ಮೀರ್, ಪ್ರಗತಿ, ರಾದುಗ ಪ್ರಕಾಶನಗಳವು. 1960ರಲ್ಲಿ ಶುರುವಾದ ನವಕರ್ನಾಟಕದ ಮಳಿಗೆಯಲ್ಲಿ ಕೊಂಡವು. ಗಟ್ಟಿ ರಟ್ಟು, ಬಣ್ಣದ ಚಿತ್ರ, ವಿದ್ಯಾರ್ಥಿಯ ಜೇಬಿಗೆ ಎಟುಕುವ ಬೆಲೆ. ಒಂದು ತಲೆಮಾರಿಗೆ ಸೋವಿಯತ್ ಬದುಕು ಪರಿಚಯವಾದದ್ದೇ ಹೀಗೆ. ಮಾಸ್ಕೋದ ಲುಮುಂಬಾ ವಿಶ್ವವಿದ್ಯಾಲಯದಂಥ ಕಡೆ ಓದಿ ಬಂದವರದಂತೂ ಕಣ್ಣಾರೆ ಕಂಡ ಸಾಕ್ಷ್ಯ: ಫೀಸಿಲ್ಲ, ಕೈಖರ್ಚಿಗೆ ಸ್ಟೈಪೆಂಡ್, ಮೆಟ್ರೊಗೆ ಐದೇ ಕೊಪೆಕ್.

ಇನ್ನೊಂದು ಪಕ್ಷಕ್ಕೆ ಸೋವಿಯತ್ ಎಂದರೆ ಗುಲಾಗ್ ಶ್ರಮಶಿಬಿರ, ಮಾಂಸಕ್ಕೆ ಕ್ಯೂ, ಗೂಢಚಾರರ ಭಯ. ಜೆ.ಪಿ. ನಗರದ ಪಾರ್ಕಿನಲ್ಲಿ ಹಿರಿಯರ ನಡುವೆ ಈ ಮಾತು ಬಂದರೆ ಸಾಕು, ವಾಕಿಂಗ್ ಅಲ್ಲಿಗೇ ನಿಲ್ಲುತ್ತದೆ.

ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಆದರೆ ನಮ್ಮ ವಿದ್ಯಾರ್ಥಿ ಕೋರ್ಸು ಮುಗಿಸಿ ಮನೆಗೆ ಮರಳಬಹುದಿತ್ತು. ಅಲ್ಲಿನ ರೈತನಿಗೆ ಆ ದಾರಿ ಇರಲಿಲ್ಲ. 1932ರಲ್ಲಿ ಒಳನಾಡಿನ ಪಾಸ್‌ಪೋರ್ಟ್ ಪದ್ಧತಿ ಬಂದಾಗ ಸಾಮೂಹಿಕ ಬೇಸಾಯದ ಬಹುಪಾಲು ರೈತರನ್ನು ಹೊರಗಿಟ್ಟರು. ಅದಿಲ್ಲದೆ ಪಟ್ಟಣದಲ್ಲಿ ನೆಲೆಸುವಂತಿಲ್ಲ. ಅವರಿಗೂ ಪಾಸ್‌ಪೋರ್ಟ್ ಕೊಡುವ ತೀರ್ಮಾನವಾದದ್ದು 1974ರಲ್ಲಿ. ಮಾಂಸ, ಬೆಣ್ಣೆಯ ಬೆಲೆ ಏರಿತೆಂದು 1962ರ ಜೂನ್‌ನಲ್ಲಿ ನೊವೊಚೆರ್ಕಾಸ್ಕ್‌ನ ಕಾರ್ಮಿಕರು ಬೀದಿಗಿಳಿದರು. ಕಾರ್ಮಿಕರ ಹೆಸರಿನ ಸರ್ಕಾರವೇ ಗುಂಡು ಹಾರಿಸಿ 20ಕ್ಕೂ ಹೆಚ್ಚು ಜನರನ್ನು ಕೊಂದಿತು. ಸುದ್ದಿಯನ್ನು ದಶಕಗಳ ಕಾಲ ಮುಚ್ಚಿಟ್ಟಿತು.

ಹಾಗೆಂದು ಸೋವಿಯತ್ ದಿನಗಳಿಗಾಗಿ ಅಲ್ಲಿನವರು ಪಡುವ ಹಂಬಲವನ್ನು ಮೂರ್ಖತನವೆಂದು ತಳ್ಳಿಹಾಕಲಾಗದು. 2015ರ ನೊಬೆಲ್ ಪಡೆದ ಬೆಲರೂಸಿನ ಸ್ವೆಟ್ಲಾನಾ ಅಲೆಕ್ಸಿಯೆವಿಚ್ ದಾಖಲಿಸಿದ ಜನಸಾಮಾನ್ಯರ ಮಾತುಗಳಲ್ಲಿ ಶಿಬಿರದ ಯಾತನೆಯೂ ಇದೆ, ಕಳೆದುಹೋದ ದೇಶಕ್ಕಾಗಿ ಕಣ್ಣೀರೂ ಇದೆ. 1991ರಲ್ಲಿ ಒಕ್ಕೂಟ ಒಡೆದ ಮೇಲೆ ಹಣದುಬ್ಬರಕ್ಕೆ ಜೀವಮಾನದ ಉಳಿತಾಯ ಕರಗಿಹೋದವರು ಹಳೆಯ ದಿನ ನೆನೆಯುವುದು ಸಹಜವೇ.

ಅಲ್ಲಿ ಓದಿ ಬಂದ ನಮ್ಮ ಹಿರಿಯರಿಗೆ ಈಗ ವಯಸ್ಸಾಗಿದೆ. ಅವರನ್ನು ಮಾತಿಗೆ ಕೂರಿಸಿ, ಹೇಳಿದ್ದನ್ನು ಬರೆದಿಟ್ಟುಕೊಳ್ಳಿ. ಅಲ್ಲಿ ಏನೆಲ್ಲ ಸಿಗುತ್ತಿತ್ತು ಎಂದು ಕೇಳಿ. ಹಾಸ್ಟೆಲಿನ ರಷ್ಯನ್ ಗೆಳೆಯ ಯಾವ ಮಾತು ಬಂದಾಗ ದನಿ ತಗ್ಗಿಸುತ್ತಿದ್ದ ಎಂದೂ ಕೇಳಿ. ಫೀಸಿಲ್ಲದ ಕಾಲೇಜು, ಕೈಗೆಟುಕುವ ಮನೆ ಬಾಡಿಗೆ ನಾವು ಇಂದಿಗೂ ಸರ್ಕಾರದ ಮುಂದೆ ಪಟ್ಟು ಹಿಡಿದು ಕೇಳಬೇಕಾದ ಸಂಗತಿಗಳೇ. ಅವನ್ನು ಕೊಟ್ಟೆವೆಂದು ಜನರ ಬಾಯಿ ಕಟ್ಟಲು ಬರುವ ಸರ್ಕಾರವನ್ನು ಮಾತ್ರ, ಅದು ಯಾವ ಬಣ್ಣದ್ದೇ ಇರಲಿ, ಒಪ್ಪಿಕೊಳ್ಳಬಾರದು.